ಮುಂಬಯಿಯ ನೆತ್ತಿಯ ಮೇಲಿನ ಹಿಮ

ಅಕ್ಟೋಬರ್ ತಿಂಗಳ ಸಂಜೆ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕುಳಿತವರೆಲ್ಲ ಸಮುದ್ರದ ಕಡೆ ಮುಖ ಮಾಡಿರುತ್ತಾರೆ. ಮಳೆ ಬರುವುದಿದ್ದರೆ ಅಲ್ಲಿಂದಲೇ ಬರಬೇಕು ಎಂಬುದು ಹಿಂದಿನ ನಾಲ್ಕು ತಿಂಗಳು ಕಲಿಸಿದ ಪಾಠ. ಜೂನಿನಿಂದ ಸೆಪ್ಟೆಂಬರಿನವರೆಗೆ ನೈರುತ್ಯದ ಗಾಳಿ ಅರಬ್ಬಿ ಸಮುದ್ರದ ಮೋಡಗಳನ್ನು ದಡಕ್ಕೆ ತಳ್ಳುತ್ತಲೇ ಇರುತ್ತದೆ. ಕಪ್ಪು ಗೋಡೆಯೊಂದು ನೀರಿನ ಮೇಲೆ ನಡೆದು ಬರುವುದನ್ನು ಕಂಡೇ ಜನ ಕೊಡೆ ಬಿಚ್ಚುತ್ತಾರೆ. ಅಕ್ಟೋಬರಿನಲ್ಲಿ ಗಾಳಿ ತಿರುಗಿರುತ್ತದೆ. ಮಧ್ಯಾಹ್ನ ಸಹ್ಯಾದ್ರಿಯ ಕಡೆ ಎದ್ದ ಮೋಡ ಕಲ್ಯಾಣ, ಠಾಣೆ, ಮುಲುಂದ್ ದಾಟಿ, ಸಮುದ್ರ ನೋಡುತ್ತ ಕುಳಿತವರ ಬೆನ್ನ ಹಿಂದಿನಿಂದ ಬರುತ್ತದೆ. ಎದುರಿಗೆ ಕೆಂಪು ಸೂರ್ಯ, ಹಿಂದೆ ಹೂಕೋಸಿನಂತೆ ಉಬ್ಬಿದ ಬಿಳಿ ಗೋಪುರ. ಮೊದಲ ಮಿಂಚು ಹೊಡೆದಾಗ ಮಾತ್ರ ಕತ್ತುಗಳು ತಿರುಗುತ್ತವೆ. ಆಮೇಲೆ ಮೊಬೈಲುಗಳೂ ತಿರುಗುತ್ತವೆ, ವಿಡಿಯೋ ತೆಗೆಯಲು.

ಮಳೆಯ ವಿಷಯದಲ್ಲಿ ಈ ಊರಿನಷ್ಟು ಲೆಕ್ಕದ ಊರು ಬೇರೆ ಸಿಗುವುದು ಕಷ್ಟ. ಹಿಂದ್‌ಮಾತಾದಲ್ಲಿ ಎಷ್ಟು ನೀರು ನಿಂತಿದೆ, ಮಿಲನ್ ಸಬ್‌ವೇ ಮುಚ್ಚಿದೆಯೇ, ಭರತ ಎಷ್ಟು ಗಂಟೆಗೆ, ಎಷ್ಟು ಮೀಟರ್ ಎತ್ತರಕ್ಕೆ ಎಂಬುದೆಲ್ಲ ಲೋಕಲ್ ಗಾಡಿಯಲ್ಲಿ ನಿಂತೇ ಪ್ರಯಾಣಿಸುವವರ ಬಾಯಲ್ಲಿರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಸಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಸುರಿದಾಗ ಕೊಲಾಬಾದಲ್ಲಿ ಬಿದ್ದದ್ದು 73 ಮಿಲಿಮೀಟರ್ ಎಂಬ ಅಂಕಿಯನ್ನು ಅಂದು ಹುಟ್ಟಿಯೇ ಇರದವರೂ ಹೇಳಬಲ್ಲರು. ಈ ಲೆಕ್ಕದ ಪುಸ್ತಕದಲ್ಲಿ ಸಿಡಿಲಿಗೆ ಪುಟವಿಲ್ಲ. ಮಳೆ ಹೆಚ್ಚಾದಂತೆ ಮಿಂಚೂ ಹೆಚ್ಚು, ಮಳೆ ಇಲ್ಲದಿದ್ದರೆ ಅಪಾಯವೂ ಇಲ್ಲ ಎಂಬ ಅಂದಾಜಿನಲ್ಲೇ ಎಲ್ಲ ನಡೆಯುತ್ತದೆ. ಆ ಅಂದಾಜು ತಪ್ಪು. ತಪ್ಪಿನ ಬೆಲೆ ತೆರುವವರು ಫ್ಲ್ಯಾಟಿನಲ್ಲಿ ಕಿಟಕಿ ಮುಚ್ಚಿಕೊಂಡವರಲ್ಲ.

ಮುಂಬಯಿಯ ಜುಲೈಯನ್ನೇ ನೋಡಬಹುದು. ವರ್ಷದ ಅತಿ ಹೆಚ್ಚು ಮಳೆಯ ತಿಂಗಳು. ಮೂರು ದಿನ ಬಿಡದೆ ಸುರಿದರೂ ಗುಡುಗಿನ ಸದ್ದು ಕೇಳಿಸುವುದು ಅಪರೂಪ. ಅದೇ ಮೇ ಕೊನೆ, ಜೂನ್ ಮೊದಲ ವಾರ, ಆಮೇಲೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಅರ್ಧ ಗಂಟೆಯ ಮಳೆಗೂ ಆಕಾಶ ಸೀಳುತ್ತದೆ. ಹವಾಮಾನ ಇಲಾಖೆಯ ಪಟ್ಟಿಯ ಪ್ರಕಾರ ಮುಂಗಾರು ಮುಂಬಯಿಗೆ ಬರುವ ದಿನ ಜೂನ್ 11, ಹಿಂದಿರುಗುವ ದಿನ ಅಕ್ಟೋಬರ್ 8. ಸಿಡಿಲಿನ ಕಾಲ ಈ ಎರಡು ತಾರೀಕುಗಳ ನಡುವೆ ಇಲ್ಲ. ಅವುಗಳ ಆಚೀಚೆ ಇದೆ. ನಕ್ಷತ್ರ ಲೆಕ್ಕ ಹಾಕುವ ರೈತರಿಗೆ ಇದು ಹೊಸ ವಿಷಯವಲ್ಲ. ರೋಹಿಣಿ, ಮೃಗಶಿರದಲ್ಲಿ ಗುಡುಗು, ಪುನರ್ವಸು ಪುಷ್ಯದಲ್ಲಿ ಸದ್ದಿಲ್ಲದ ಜಿಟಿಜಿಟಿ, ಮತ್ತೆ ಹಸ್ತ ಚಿತ್ತೆಯಲ್ಲಿ ಆರ್ಭಟ. ಅವರಿಗೆ ಗೊತ್ತಿಲ್ಲದೆ ಇದ್ದದ್ದು ಕಾರಣ ಮಾತ್ರ. ಆ ಕಾರಣ ನೀರಿನಲ್ಲಿಲ್ಲ, ಹಿಮದಲ್ಲಿದೆ.

ಚಳಿಗಾಲದಲ್ಲೂ ಸ್ವೆಟರ್ ಬೇಡದ ಊರಿಗೆ ಇದನ್ನು ನಂಬಿಸುವುದು ಸುಲಭವಲ್ಲ. ಆದರೆ ಅಕ್ಟೋಬರಿನ ಬೆವರಿನಲ್ಲಿ ದಾದರ್ ಸ್ಟೇಷನ್ನಿನ ಸೇತುವೆ ಹತ್ತುತ್ತಿರುವವರ ನೆತ್ತಿಯಿಂದ ಸುಮಾರು ಐದು ಕಿಲೋಮೀಟರ್ ಮೇಲೆ ನೀರು ಹೆಪ್ಪುಗಟ್ಟುವ ತಾಪಮಾನವಿದೆ. ದಾದರಿನಿಂದ ಬಾಂದ್ರಾಕ್ಕೆ ಹೋಗುವಷ್ಟು ದೂರವನ್ನು ನೇರ ಮೇಲಕ್ಕೆ ಹೋದರೆ ಸಾಕು. ನೆಲ ಕಾದು, ಸಮುದ್ರದ ತೇವ ಹೊತ್ತ ಗಾಳಿ ಮೇಲೇಳುತ್ತದೆ. ಏರಿದಂತೆ ತಣಿದು ಹನಿಯಾಗುತ್ತದೆ. ಹನಿಯಾಗುವಾಗ ಬಿಟ್ಟ ಶಾಖ ಅದನ್ನು ಇನ್ನೂ ಮೇಲಕ್ಕೆ ನೂಕುತ್ತದೆ. ಐದು ಕಿಲೋಮೀಟರ್ ದಾಟಿದೊಡನೆ ಹನಿಗಳೆಲ್ಲ ಹಿಮವಾಗಿಬಿಡುವುದಿಲ್ಲ. ಹಾಲು ತಾನಾಗಿ ಮೊಸರಾಗುವುದಿಲ್ಲ, ಹೆಪ್ಪು ಬೇಕು. ಹಾಗೆಯೇ ಮೋಡದ ಸಣ್ಣ ಹನಿಗೂ ಹೆಪ್ಪಾಗಿ ಒಂದು ಧೂಳಿನ ಕಣವೋ ಹಿಮದ ಚೂರೋ ಬೇಕು. ಸಿಗುವವರೆಗೆ ಅದು ಸೊನ್ನೆಗಿಂತ ಹತ್ತು, ಇಪ್ಪತ್ತು ಡಿಗ್ರಿ ಕೆಳಗೂ ನೀರಾಗಿಯೇ ತೇಲಾಡುತ್ತದೆ.

ಅಷ್ಟರಲ್ಲಿ ಕೆಲವು ಹನಿಗಳು ಹಿಮದ ಹರಳಾಗಿರುತ್ತವೆ, ಕೂದಲಿನಂತೆ ಹಗುರ. ಇನ್ನು ಕೆಲವು ಹರಳುಗಳಿಗೆ ಈ ಅತಿಶೀತದ ನೀರು ಅಂಟಿ ಅಂಟಿ, ನೆನೆಸಿದ ಸಾಬೂದಾಣಿಯ ಗಾತ್ರದ ಮೆತ್ತನೆಯ ಬಿಳಿ ಗುಂಡುಗಳಾಗಿರುತ್ತವೆ. ಆಲಿಕಲ್ಲಿನ ಎಳೆಗಾಯಿ ಎನ್ನಬಹುದು. ಗುಂಡು ಭಾರ, ಕೆಳಗೆ ಜಾರುತ್ತದೆ. ಹರಳು ಹಗುರ, ಗಾಳಿಯ ಜೊತೆ ಮೇಲೇರುತ್ತದೆ. ಇಳಿಯುವುದೂ ಏರುವುದೂ ಸುತ್ತಲಿನ ಅತಿಶೀತದ ಹನಿಗಳ ನಡುವೆ ಒಂದಕ್ಕೊಂದು ಢಿಕ್ಕಿ ಹೊಡೆದು ಬೇರೆಯಾಗುತ್ತವೆ. ಪ್ರತಿ ಢಿಕ್ಕಿಯಲ್ಲೂ ಒಂದು ಚಿಟಿಕೆ ವಿದ್ಯುದಾವೇಶ ಕೈ ಬದಲಾಯಿಸುತ್ತದೆ: ಗುಂಡಿಗೆ ಋಣ, ಹರಳಿಗೆ ಧನ. ಒಂದು ಢಿಕ್ಕಿಯದು ಲೆಕ್ಕಕ್ಕಿಲ್ಲದಷ್ಟು. ಕೋಟಿ ಕೋಟಿ ಢಿಕ್ಕಿಗಳಾದಾಗ ಮೋಡದ ಮಧ್ಯಭಾಗ ಋಣಾವೇಶದ ಉಗ್ರಾಣವಾಗುತ್ತದೆ, ತುದಿ ಧನಾವೇಶದ್ದು. ತಳದ ಹತ್ತಿರ ಧನಾವೇಶದ ಒಂದು ಸಣ್ಣ ತುಣುಕೂ ಉಳಿಯುತ್ತದೆ. ಇದಕ್ಕೆಲ್ಲ ಇಪ್ಪತ್ತು ಮೂವತ್ತು ನಿಮಿಷ ಸಾಕು. ಚಹಾ ಕುಡಿಯಲು ಕೂತವರು ಎದ್ದೇಳುವಷ್ಟರಲ್ಲಿ ತಲೆಯ ಮೇಲೊಂದು ವಿದ್ಯುದಾಗರ ತಯಾರು.

ಜುಲೈಯ ಮೌನಕ್ಕೂ ಉತ್ತರ ಇಲ್ಲೇ ಇದೆ. ಮುಂಗಾರು ಪೂರ್ತಿ ಹಿಡಿದ ಮೇಲೆ ಸಮುದ್ರದಿಂದ ಬರುವ ಮೋಡಕ್ಕೆ ಅಗಲ ಹೆಚ್ಚು, ಏರುವ ರಭಸ ಕಡಿಮೆ. ಹನಿಗೆ ಹನಿ ಕೂಡಿ ದಪ್ಪವಾಗಿ, ಹಿಮದ ಎತ್ತರ ಮುಟ್ಟುವ ಮೊದಲೇ ಬಹುಪಾಲು ಸುರಿದುಹೋಗುತ್ತದೆ. ಬಿಳಿ ಗುಂಡುಗಳೇ ಬೆಳೆಯದಿದ್ದರೆ ಢಿಕ್ಕಿ ಎಲ್ಲಿಯದು? ರಸ್ತೆ ಮುಳುಗಿಸುವ ಮೋಡಕ್ಕೂ ಸಿಡಿಲು ಹೊಡೆಯುವ ಮೋಡಕ್ಕೂ ಮೈಕಟ್ಟೇ ಬೇರೆ. ಹಾಗೆಂದು ಜುಲೈಯಲ್ಲಿ ಗುಡುಗುವುದೇ ಇಲ್ಲವೆಂದಲ್ಲ. ಎತ್ತರಕ್ಕೆ ಬೆಳೆದ ಮೋಡ ಯಾವ ತಿಂಗಳಲ್ಲಿ ಬಂದರೂ ಸಿಡಿಲು ತರಬಲ್ಲದು. ಆದರೆ ಆ ಎತ್ತರದ ಕಾಲ ಮುಖ್ಯವಾಗಿ ಮಳೆಗಾಲದ ಬಾಗಿಲುಗಳದ್ದು, ಒಳಮನೆಯದ್ದಲ್ಲ.

ಈ ಶೋಧದ ಕಥೆಯಲ್ಲಿ ಮುಂಬಯಿಗೆ ಒಂದು ಪಾಲಿದೆ ಎಂಬುದನ್ನು ಊರೇ ಮರೆತಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದ ಹವಾಮಾನ ಇಲಾಖೆಯಲ್ಲಿದ್ದ ಜಾರ್ಜ್ ಸಿಂಪ್ಸನ್ ಶಿಮ್ಲಾದಲ್ಲಿ ಕೂತು ಮಳೆಹನಿಗಳ ಆವೇಶ ಅಳೆದರು. ದೊಡ್ಡ ಹನಿ ಒಡೆಯುವುದರಿಂದಲೇ ಮೋಡಕ್ಕೆ ವಿದ್ಯುತ್ತು ಬರುತ್ತದೆ, ಹಾಗಾಗಿ ಧನಾವೇಶ ಕೆಳಗಿರಬೇಕು ಎಂದು ಅವರ ವಾದ. ಇಂಗ್ಲೆಂಡಿನಲ್ಲಿ ಸಿ.ಟಿ.ಆರ್. ವಿಲ್ಸನ್ ಇಲ್ಲ, ಧನ ಮೇಲೆ, ಋಣ ಕೆಳಗೆ ಎಂದರು. ವರ್ಷಗಟ್ಟಲೆ ನಡೆದ ಈ ಜಗಳದ ಕಾಲದಲ್ಲೇ ಕೊಲಾಬಾದ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಸುಧಾಂಶು ಕುಮಾರ್ ಬ್ಯಾನರ್ಜಿ, ನೇರ ನೆತ್ತಿಯ ಮೇಲೆ ಹಾದುಹೋಗುವ ಗುಡುಗು ಮೋಡಗಳ ಕೆಳಗೆ ನೆಲದ ವಿದ್ಯುತ್ ಕ್ಷೇತ್ರ ಹೇಗೆ ಏರಿಳಿಯುತ್ತದೆ ಎಂದು ದಾಖಲಿಸಿದರು. 1932ರಲ್ಲಿ ಅದು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದೇ ಬ್ಯಾನರ್ಜಿ 1944ರಲ್ಲಿ ಹವಾಮಾನ ಇಲಾಖೆಯ ಮೊದಲ ಭಾರತೀಯ ಮಹಾನಿರ್ದೇಶಕರಾದರು. ಸಿಂಪ್ಸನ್ 1937ರ ಹೊತ್ತಿಗೆ ಬಲೂನು ಹಾರಿಸಿ ನೋಡಿ ವಿಲ್ಸನ್ ಮಾತನ್ನು ಬಹುಮಟ್ಟಿಗೆ ಒಪ್ಪಿದರು. ಜೊತೆಗೆ ತಳದ ಧನಾವೇಶದ ತುಣುಕನ್ನೂ ಕಂಡು, ತಾವು ಪೂರ್ತಿ ಸೋತಿಲ್ಲವೆಂದು ತೋರಿಸಿದರು. ತನ್ನ ಸಿದ್ಧಾಂತವನ್ನು ತಾನೇ ಬಲೂನಿಗೆ ಕಟ್ಟಿ ಮೋಡಕ್ಕೆ ಕಳಿಸುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಎಂಟು ದಶಕಗಳ ನಂತರ ಮತ್ತೆ ಕೊಲಾಬಾದ ಹೆಸರೇ ಬಂತು. ಅಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನೇತೃತ್ವದಲ್ಲಿ ಊಟಿಯಲ್ಲಿ ಗ್ರೇಪ್ಸ್-3 ಎಂಬ ಪ್ರಯೋಗ ನಡೆಯುತ್ತಿದೆ. ಬಾಹ್ಯಾಕಾಶದ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಮ್ಯೂಆನ್ ಕಣಗಳನ್ನು ಎಣಿಸುವುದು ಅದರ ಕೆಲಸ. ಈ ಸಂಸ್ಥೆಗೂ ಮ್ಯೂಆನಿಗೂ ಹಳೆಯ ನಂಟು: ನಂಜನಗೂಡಿನಲ್ಲಿ ಹುಟ್ಟಿ, ಮುಂದೆ ಇದೇ ಸಂಸ್ಥೆಯ ನಿರ್ದೇಶಕರಾದ ಬಿ.ವಿ. ಶ್ರೀಕಂಠನ್ 1950ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಯ ಆಳಕ್ಕಿಳಿದು ಅದನ್ನೇ ಅಳೆದಿದ್ದರು. 2014ರ ಡಿಸೆಂಬರ್ 1ರಂದು ಊಟಿಯ ಮೇಲೊಂದು ಗುಡುಗು ಮೋಡ ಬಂದು ನಿಂತಾಗ ಮ್ಯೂಆನ್‌ಗಳ ಎಣಿಕೆ ಕೆಲವು ನಿಮಿಷ ನೂರಕ್ಕೆ ಎರಡರಷ್ಟು ಕುಸಿಯಿತು. ಅಷ್ಟು ಕುಸಿಯಬೇಕಾದರೆ ಮೋಡದ ಮೇಲ್ತುದಿಗೂ ತಳಕ್ಕೂ ಎಷ್ಟು ವೋಲ್ಟ್ ವ್ಯತ್ಯಾಸ ಇರಬೇಕು ಎಂದು ಲೆಕ್ಕ ಹಾಕಿದರೆ ಬಂದದ್ದು 130 ಕೋಟಿ. ಮುಂಬಯಿಯ ಲೋಕಲ್ ಓಡುವುದು 25,000 ವೋಲ್ಟಿನಲ್ಲಿ. ವಿಲ್ಸನ್ 1929ರಲ್ಲಿ ಮೋಡಗಳಲ್ಲಿ ಇಂಥ ಅಗಾಧ ವೋಲ್ಟೇಜ್ ಇರಬಹುದೆಂದು ಊಹಿಸಿದ್ದರು. 2019ರಲ್ಲಿ ಈ ಅಳತೆ ಪ್ರಕಟವಾಗುವವರೆಗೆ ಬಲೂನುಗಳಿಗೆ ಸಿಕ್ಕಿದ್ದು ಅದರ ಹತ್ತನೇ ಒಂದು ಪಾಲು.

ಇಷ್ಟಾದರೂ ಒಂದು ಗಂಟು ಬಿಚ್ಚಿಲ್ಲ. ಒಣಗಾಳಿಯಲ್ಲಿ ಕಿಡಿ ಹಾರಬೇಕಾದರೆ ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಬೇಕು. ಮೋಡದೊಳಗೆ ಅಳೆದಾಗಲೆಲ್ಲ ಸಿಕ್ಕಿದ್ದು ಹೆಚ್ಚುಕಡಿಮೆ ಅದರ ಹತ್ತನೇ ಒಂದು. ಹಾಗಿದ್ದರೆ ಮೊದಲ ಕಿಡಿ ಹೊತ್ತುವುದು ಹೇಗೆ? ಹಿಮದ ಚೂಪು ತುದಿಗಳಲ್ಲಿ ಕ್ಷೇತ್ರ ಮೊನಚಾಗುತ್ತದೆ ಎನ್ನುತ್ತಾರೆ ಕೆಲವರು. ಬಾಹ್ಯಾಕಾಶದ ಕಿರಣ ಹುಟ್ಟಿಸಿದ ಎಲೆಕ್ಟ್ರಾನುಗಳ ಪ್ರವಾಹ ದಾರಿ ಮಾಡುತ್ತದೆ ಎನ್ನುತ್ತಾರೆ ಇನ್ನು ಕೆಲವರು. ವಾದ ನಡೆಯುತ್ತಿದೆ. ಫ್ರಾಂಕ್ಲಿನ್ ಮಹಾಶಯನ ಗಾಳಿಪಟದ ಚಿತ್ರ ತೋರಿಸಿ ಪಾಠ ಮುಗಿಸುವ ಶಾಲಾ ಪುಸ್ತಕಗಳು ಈ ಗಂಟಿನ ಬಗ್ಗೆ ಎರಡು ಸಾಲು ಬರೆದಿದ್ದರೆ ಮಕ್ಕಳಿಗೆ ಮೋಡದ ಮೇಲೆ ಆಸೆಯಾದರೂ ಹುಟ್ಟುತ್ತಿತ್ತು.

ಕಿಡಿ ಹೊತ್ತಿದ ನಂತರದ್ದು ಮಾತ್ರ ಚೆನ್ನಾಗಿ ಗೊತ್ತಿದೆ, ಬದುಕಿಗೆ ಬೇಕಾದದ್ದೂ ಅದೇ. ಮೋಡದಿಂದ ಹೊರಟ ಆವೇಶದ ಕವಲು ಸುಮಾರು ಐವತ್ತು ಮೀಟರಿನ ಹೆಜ್ಜೆಗಳಲ್ಲಿ, ನಿಂತು ನಿಂತು, ದಾರಿ ತಡಕುತ್ತ ಕೆಳಗಿಳಿಯುತ್ತದೆ. ಕೆಳಗೆ ಏನಿದೆ ಎಂಬುದು ಕೊನೆಯ ಒಂದೆರಡು ಹೆಜ್ಜೆಯವರೆಗೆ ಅದಕ್ಕೆ ಲೆಕ್ಕಕ್ಕಿಲ್ಲ. ನೆಲ ಹತ್ತಿರವಾದಾಗ ಮರದ ತುದಿ, ಕಂಬ, ಮನುಷ್ಯನ ತಲೆ, ಎಲ್ಲದರಿಂದಲೂ ಸಣ್ಣ ಕಿಡಿಗಳು ಮೇಲಕ್ಕೆ ಕೈ ಚಾಚುತ್ತವೆ. ಯಾವುದು ಮೊದಲು ಮುಟ್ಟಿತೋ ಆ ದಾರಿಯಲ್ಲಿ 30,000 ಆಂಪಿಯರ್ ಹರಿಯುತ್ತದೆ, ಗಾಳಿ ಸೂರ್ಯನ ಮೇಲ್ಮೈಯ ಐದು ಪಟ್ಟು ಕಾಯುತ್ತದೆ, ಆ ಕಾವಿಗೆ ಸಿಡಿದ ಗಾಳಿಯ ಸದ್ದೇ ಗುಡುಗು. ಇಷ್ಟೆಲ್ಲ ಆರ್ಭಟದ ಒಟ್ಟು ಶಕ್ತಿ ನೂರು ಕೋಟಿ ಜೌಲ್ ಎಂದಿಟ್ಟುಕೊಂಡರೆ ಮೀಟರಿನಲ್ಲಿ 280 ಯೂನಿಟ್ಟಿನ ಹತ್ತಿರ. ಸಾಧಾರಣ ಸಂಸಾರವೊಂದರ ತಿಂಗಳ ಬಿಲ್ಲು. ಮರಾಠಿಯಲ್ಲಿ ಕರೆಂಟಿಗೂ ಸಿಡಿಲಿಗೂ ವೀಜ್ ಎಂಬ ಒಂದೇ ಪದ. ಕನ್ನಡ ಮಿಂಚು, ಸಿಡಿಲು, ಗುಡುಗು ಎಂದು ಕಣ್ಣಿಗೊಂದು, ಮೈಗೊಂದು, ಕಿವಿಗೊಂದು ಹೆಸರಿಟ್ಟಿದೆ. ಮೂರೂ ಒಂದೇ ಎಂದು ಅರ್ಥವಾಗಲು ಮರಾಠಿಯ ದಾರಿ ಒಳ್ಳೆಯದು, ಯಾವುದಕ್ಕೆ ಹೆದರಬೇಕೆಂದು ತಿಳಿಯಲು ಕನ್ನಡದ್ದು.

ಈಗ ಮುಂಬಯಿಯ ಒಂದು ಗಟ್ಟಿ ನಂಬಿಕೆಗೆ ಬರಬಹುದು: ಇಷ್ಟೆತ್ತರದ ಕಟ್ಟಡಗಳಿರುವಾಗ ಸಿಡಿಲೆಲ್ಲ ಅವುಗಳ ತಲೆಗೇ ಹೋಗುತ್ತದೆ, ಕೆಳಗಿನವರು ಕ್ಷೇಮ. ಇಳಿಯುವ ಕವಲು ನೆಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಕೊನೆಯ ಐವತ್ತು ನೂರು ಮೀಟರಿನಲ್ಲಿ ಎಂದ ಮೇಲೆ, ಅರ್ಧ ಕಿಲೋಮೀಟರ್ ಆಚೆಯ ಗೋಪುರದ ಸಿಡಿಲುಕಂಬ ಆಜಾದ್ ಮೈದಾನದ ನಡುವೆ ಬ್ಯಾಟು ಹಿಡಿದ ಹುಡುಗನಿಗೆ ಏನೂ ಮಾಡಲಾರದು. ಆ ಕಂಬ ಕಾಯುವುದು ಕಟ್ಟಡವನ್ನು, ಅದರ ಒಳಗಿರುವವರನ್ನು. ಮೊದಲ ಮಳೆಗೆ ಟೆರೇಸಿನಲ್ಲಿ ಕುಣಿಯಲು ಓಡಿದವರನ್ನಲ್ಲ. ನಗರದ ಒಳಗೆ ಸಿಡಿಲಿಗೆ ಸಾಯುವವರು ಕಡಿಮೆ ಎನ್ನುವುದು ನಿಜ. ಯಾಕೆಂದರೆ ಬಹುಪಾಲು ಜನ ಗೋಡೆಯೊಳಗೋ, ಲೋಕಲ್ಲಿನ ಲೋಹದ ಡಬ್ಬಿಯೊಳಗೋ ಇರುತ್ತಾರೆ. ಉಪನಗರ ಮುಗಿದಲ್ಲಿ ಈ ರಕ್ಷಣೆಯೂ ಮುಗಿಯುತ್ತದೆ. ಭಾಂಡೂಪಿನ ಉಪ್ಪಿನ ಗದ್ದೆಗಳು, ಆರೇ ಕಾಡಿನ ಪಾಡಾಗಳು, ಅವುಗಳಾಚೆ ಠಾಣೆ, ಪಾಲ್ಘರ್, ರಾಯಗಡದ ಭತ್ತದ ಗದ್ದೆಗಳು. ಕೊಂಕಣದಲ್ಲಿ ಭತ್ತ ಕೊಯ್ಲಿಗೆ ಬರುವುದು ಅಕ್ಟೋಬರಿನಲ್ಲೇ. ಒಣಗಲು ಹರಡಿದ ಬೆಳೆ ನೆನೆಯದಿರಲೆಂದು ಇಡೀ ಕುಟುಂಬ ಗದ್ದೆಗೆ ಓಡುವುದು ಮೋಡ ಕಪ್ಪಾದ ಗಳಿಗೆಯಲ್ಲೇ. ಮೀನುಗಾರರದ್ದೂ ಇದೇ ಪಾಡು: ಜೂನ್-ಜುಲೈಯ ಮೀನುಗಾರಿಕೆ ನಿಷೇಧ ಗಾಳಿ ಅಲೆಗಳಿಂದ, ಮೀನು ಮರಿ ಮಾಡುವ ಕಾಲದಿಂದ ಲೆಕ್ಕ ಹಾಕಿದ್ದು. ಮಿಂಚಿನ ಮೇ ಕೊನೆಯಲ್ಲೂ ಅಕ್ಟೋಬರಿನಲ್ಲೂ ದೋಣಿಗಳು ನೀರಿನಲ್ಲಿರುತ್ತವೆ. ಸುತ್ತಲಿನ ಹತ್ತಾರು ಮೈಲಿಗೆ ದೋಣಿಯ ಕಂಬವೇ ಅತಿ ಎತ್ತರದ ವಸ್ತು.

ದೇಶದ ಲೆಕ್ಕ ಅಪರಾಧ ದಾಖಲೆಗಳ ಬ್ಯೂರೋದಲ್ಲಿ ಸಿಗುತ್ತದೆ. 2022ರಲ್ಲಿ ಪ್ರಕೃತಿಯ ಹೊಡೆತಕ್ಕೆ ಸತ್ತವರು 8,060. ಅವರಲ್ಲಿ ಸಿಡಿಲಿಗೆ 2,887. ಪ್ರವಾಹವಲ್ಲ, ಬಿಸಿಲಲ್ಲ, ಮೊದಲ ಸ್ಥಾನ ಸಿಡಿಲಿಗೆ. ಆದರೂ ಕೇಂದ್ರ ಸರ್ಕಾರ ವಿಪತ್ತು ಪರಿಹಾರಕ್ಕೆ ಗುರುತಿಸಿದ ಹನ್ನೆರಡರ ಪಟ್ಟಿಯಲ್ಲಿ, ಕೀಟಬಾಧೆಗೂ ಶೀತಗಾಳಿಗೂ ಜಾಗವಿದ್ದರೂ, ಸಿಡಿಲು ಇರಲಿಲ್ಲ. ಸೇರಿಸಿ ಎಂದು ರಾಜ್ಯಗಳು ಕೇಳಿದಾಗ 2023ರಲ್ಲಿ ದಿಲ್ಲಿಯಿಂದ ಕೇಳಿಬಂದ ವಾದ, ಈ ಸಾವುಗಳನ್ನು ಜಾಗೃತಿಯಿಂದ ತಪ್ಪಿಸಬಹುದು ಎಂಬುದು. ವಾದ ಸುಳ್ಳಲ್ಲ. ಆದರೆ ತಪ್ಪಿಸಬಹುದಾದ ಸಾವು ತಪ್ಪದೆ ಇದ್ದರೆ ಹೊಣೆ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಜಾಗೃತಿ ಸಾಕು ಎನ್ನುವವರು ಅದು ಎಲ್ಲಿದೆ ಎಂದೂ ತೋರಿಸಬೇಕು.

ಮುಂಬಯಿಯಲ್ಲಿ ಅದು ಬಣ್ಣಗಳಲ್ಲಿದೆ. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ಜನ ಓದುವುದು ಮಳೆಯ ಪ್ರಮಾಣವಾಗಿ. ಕೆಂಪು ಎಂದರೆ ಶಾಲೆಗೆ ರಜೆ, ಕಿತ್ತಳೆ ಎಂದರೆ ರಜೆಯ ಆಸೆ, ಹಳದಿ ಎಂದರೆ ಏನೂ ಇಲ್ಲ. ಅಕ್ಟೋಬರಿನ ಸಂಜೆಯ ಎಚ್ಚರಿಕೆ ಬರುವುದು ಸಾಮಾನ್ಯವಾಗಿ ಆ ಹಳದಿಯಲ್ಲೇ: ಗುಡುಗು ಮಿಂಚು, ಗಂಟೆಗೆ 30-40 ಕಿಲೋಮೀಟರ್ ಗಾಳಿ. ಜುಲೈಯ ಕೆಂಪಿಗೆ ಊರು ನಿಲ್ಲುತ್ತದೆ, ಅಕ್ಟೋಬರಿನ ಹಳದಿಗೆ ಗದ್ದೆಯಲ್ಲಿ ಜನ ನಿಂತಿರುತ್ತಾರೆ. ಸಿಡಿಲನ್ನು ಮಳೆಯ ಬಾಲಂಗೋಚಿ ಮಾಡಿದ್ದೇ ಇಲ್ಲಿನ ತಪ್ಪು. ಅದಕ್ಕೆ ಬಣ್ಣ ಬೇಡ, ತನ್ನದೇ ಒಂದು ವಾಕ್ಯ ಬೇಕು: ಇಂಥ ಕಡೆಯಿಂದ ಸಿಡಿಲಿನ ಮೋಡ ಬರುತ್ತಿದೆ, ಅರ್ಧ ಗಂಟೆ ಸೂರಿನೊಳಗಿರಿ. ಹಾಗೆ ಹೇಳಲು ಬೇಕಾದ ಸಾಮಗ್ರಿ ಕೈಯಲ್ಲೇ ಇದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಮಿಂಚು ಗುರುತಿಸುವ ಸಂವೇದಕಗಳನ್ನು ನೆಟ್ಟಿದೆ, ದಾಮಿನಿ ಎಂಬ ಆ್ಯಪ್ ಕೊಟ್ಟಿದೆ. ಕೊಲಾಬಾದಲ್ಲೂ ವೆರಾವಲಿಯಲ್ಲೂ ರಾಡಾರುಗಳು ತಿರುಗುತ್ತಿವೆ. ಆದರೆ ಆ್ಯಪ್ ಇಳಿಸಿಕೊಳ್ಳುವವರು ಈಗಾಗಲೇ ಸೂರಿನ ಕೆಳಗೆ ಇರುವವರು. ಕಲಬುರಗಿ ಯಾದಗಿರಿಯಿಂದ ಬಂದು ಬೆಳಿಗ್ಗೆ ನಾಕಾದಲ್ಲಿ ಕೂಲಿಗೆ ನಿಂತು, ಸಂಜೆ ಹದಿನೈದನೇ ಮಹಡಿಯ ಗೋಡೆ ಏಳದ ಸ್ಲ್ಯಾಬಿನ ಮೇಲೆ ಸರಳು ಕಟ್ಟುವವರಿಗೆ ಅವರ ಭಾಷೆಯಲ್ಲಿ ಕೂಗಿ ಹೇಳಬೇಕಾದವನು ಮುಕಾದಮ. ಅವನಿಗೆ ಹೇಳಬೇಕಾದವರು ಯಾರು ಎಂಬುದನ್ನು ಯಾವ ಬಣ್ಣವೂ ಹೇಳುವುದಿಲ್ಲ.

ಗುಡುಗು ಕೇಳಿದರೆ ಒಳಗೆ ಹೋಗಿ ಎಂಬ ನಿಯಮ ಹಳೆಯದು, ಸರಿಯಾದದ್ದು. ಗುಡುಗು ಕೇಳುವಷ್ಟು ಹತ್ತಿರ ಮೋಡವಿದ್ದರೆ ಮುಂದಿನ ಸಿಡಿಲಿಗೆ ಇಲ್ಲಿಗೆ ತಲುಪುವ ಶಕ್ತಿ ಇದೆ. ಮಳೆ ಬೀಳುತ್ತಿರಬೇಕೆಂದೂ ಇಲ್ಲ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕೆನ್ನುವುದೂ ಮೋಡದ ಆಯಸ್ಸಿನಿಂದಲೇ ಬಂದ ಲೆಕ್ಕ. ಮರ ಸೂರಲ್ಲ: ಮರಕ್ಕೆ ಹೊಡೆದದ್ದು ಕೆಳಗೆ ನಿಂತವರ ಮೈಗೆ ಹಾರುತ್ತದೆ, ಬೇರಿನ ಸುತ್ತ ನೆಲದಲ್ಲೂ ಹರಡುತ್ತದೆ. ಹೊಡೆತ ತಿಂದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆಂದು ದೂರ ನಿಲ್ಲುವ ರೂಢಿಯಂತೂ ಹೋಗಲೇಬೇಕು. ಮೈಯಲ್ಲಿ ಯಾವ ವಿದ್ಯುತ್ತೂ ಉಳಿದಿರುವುದಿಲ್ಲ. ನಿಂತ ಹೃದಯವನ್ನು ಆ ಕೂಡಲೇ ಎದೆ ಒತ್ತಿ ಓಡಿಸಿದರೆ ಎಷ್ಟೋ ಜನ ಬದುಕುತ್ತಾರೆ. ಮನೆಗಳಲ್ಲಿ ಅಜ್ಜಿಯರು ಗುಡುಗಿದಾಗ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಅರ್ಜುನನ ಹತ್ತು ಹೆಸರು ಹೇಳಿಸುತ್ತಿದ್ದರು. ನಗುವವರು ನಗಲಿ. ಹೆಸರು ಹೇಳುವಷ್ಟು ಹೊತ್ತೂ ಮಗು ನಡುಮನೆಯಲ್ಲಿರುತ್ತಿತ್ತು, ಅಂಗಳದಲ್ಲಲ್ಲ.

ಮುಂಬಯಿಯಲ್ಲಿ ಆ ನಿಯಮಕ್ಕೂ ಒಂದು ತೊಡಕಿದೆ. ಇಲ್ಲಿ ಗುಡುಗು ಕೇಳಿಸುವುದಿಲ್ಲ. ಹಾರ್ನು, ಗಾಡಿ, ಕಾಮಗಾರಿಯ ಸದ್ದಿನಲ್ಲಿ ಐದಾರು ಕಿಲೋಮೀಟರ್ ಆಚೆಯ ಗುಡುಗು ಮುಳುಗಿಹೋಗುತ್ತದೆ. ನವರಾತ್ರಿ ಬರುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಮೋಡ ಪೂರ್ವದಿಂದ ಬರುವ ಅದೇ ದಿನಗಳಲ್ಲಿ. ಬೋರಿವಲಿ ಕಡೆಯ ಬಯಲುಗಳಲ್ಲಿ ಸಾವಿರಾರು ಜನ ಗರ್ಬಾ ಆಡುತ್ತಿರುತ್ತಾರೆ. ಸುತ್ತ ಕಬ್ಬಿಣದ ಕಂಬಗಳು, ದೀಪದ ಸರಗಳು, ಆಳೆತ್ತರದ ಸ್ಪೀಕರುಗಳು. ಆ ಸ್ಪೀಕರಿನಲ್ಲಿ ಇಂತಿಂಥ ನಂಬರಿನ ಕಾರನ್ನು ಗೇಟಿನಿಂದ ತೆಗೆಯಿರಿ ಎಂದು ಮೂರು ಭಾಷೆಗಳಲ್ಲಿ ಹೇಳುತ್ತಾರೆ. ರಾಷ್ಟ್ರೀಯ ಉದ್ಯಾನದ ಗುಡ್ಡಗಳ ಮೇಲೆ ಬಿಳಿ ಗೋಪುರ ಏಳುತ್ತಿದೆ, ಅರ್ಧ ಗಂಟೆ ಆಟ ನಿಲ್ಲಿಸೋಣ ಎನ್ನಲು ಅದೇ ಮೈಕು ಸಾಕು.